ಜಮಖಾನಕ್ಕೂ ಅದೇ ಬಾಟ್ಲಿ, ಕಂಬಳಿಗೂ ಅದೇ ಬಾಟ್ಲಿ!

ಹಾಸು ತೊಳೆಯೋದು ಬುದ್ಧಿ ಬೇಡದ ಕೆಲಸ ಅಂತ ನಮ್ಮಲ್ಲೊಂದು ನಂಬಿಕೆ ಇದೆ. ನೀರು ಇರಬೇಕು, ಪೌಡರ್ ಇರಬೇಕು, ತಿಕ್ಕೋಕೆ ಯಾರದೋ ಎರಡು ಕೈ ಇರಬೇಕು. ಮುಗೀತು! ಈ ನಂಬಿಕೆ ಶುದ್ಧ ತಪ್ಪು ಅನ್ನೋದು ನನ್ನ ವಾದ. ಇದಕ್ಕೆ ನಾವು ಎರಡು ಕಡೆ ದಂಡ ಕಟ್ಟುತ್ತಿದ್ದೇವೆ. ಒಂದು, ಹಾಸು ಹಾಳಾಗುತ್ತೆ. ಎರಡು, ತೊಳೆಯುವವರ ಕೈ, ಕಣ್ಣು, ಶ್ವಾಸಕೋಶ ಹಾಳಾಗುತ್ತೆ. ಮೊದಲನೆಯದಕ್ಕೆ ಕೂಗಾಡೋರು ಬೇಕಾದಷ್ಟು ಜನ. ಎರಡನೆಯದಕ್ಕೆ ಯಾರೂ ತುಟಿ ಬಿಚ್ಚಲ್ಲ.

ನಮ್ಮೂರು ಯರಗಟ್ಟಿ. ಬೆಳಗಾವಿ-ಬಾಗಲಕೋಟ ರಸ್ತೆಯಲ್ಲಿ ಸಿಗುತ್ತೆ. ಮದುವೆ ಸೀಸನ್ ಬಂತೆಂದರೆ ಶಾಮಿಯಾನದವರ ಜಮಖಾನಗಳಿಗೆ ಪುರುಸೊತ್ತಿಲ್ಲ. ಇವತ್ತು ಈ ಹಳ್ಳಿ, ನಾಳೆ ಆ ಹಳ್ಳಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹೊತ್ತಿಗೆ ಸವದತ್ತಿ ಎಲ್ಲಮ್ಮನ ಗುಡ್ಡದ ಜಾತ್ರೆ ಬೇರೆ. ಪಲ್ಲೆದ ಎಣ್ಣೆ, ಚಹಾ, ಎಲಿ ಅಡಿಕೆ, ಮೇಲೆ ಭಂಡಾರ... ಇಷ್ಟೂ ಆ ಹಾಸಿನ ಮೇಲೇ ಬೀಳಬೇಕು. ಮರುದಿನ ಅದು ಸ್ವಚ್ಛ ಆಗಿರಲೂಬೇಕು.

ಹೇಗೆ ಸ್ವಚ್ಛ ಮಾಡ್ತಾರೆ ಗೊತ್ತಾ? ಕಳೆದ ಸಲ ಊರಿಗೆ ಹೋದಾಗ ಒಬ್ಬರ ಹಿತ್ತಲಲ್ಲಿ ನೋಡಿದೆ. ಬಕೆಟ್‌ನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ, ಅದಕ್ಕೇ ಸಂಡಾಸ ತೊಳೆಯೋ ಆ್ಯಸಿಡ್ ಸುರಿಯುತ್ತಿದ್ದ ಒಬ್ಬ ಹುಡುಗ. ಕೈಗೆ ಗ್ಲೌಸ್ ಇಲ್ಲ, ಕಾಲಿಗೆ ಚಪ್ಪಲಿ ಇಲ್ಲ.

"ಕಣ್ಣು ಉರಿಯಂಗಿಲ್ಲೇನೋ ತಮ್ಮಾ?" ಅಂತ ಕೇಳಿದೆ.

"ಉರೀತಾವ್ರೀ ಅಣ್ಣಾರ. ಮಾರಿ ಆ ಕಡೆ ಮಾಡ್ಕೊಂಡು ತಿಕ್ಕೂದು."

ಅವನನ್ನು ಅಲ್ಲಿಂದ ಎಬ್ಬಿಸಿ ಗಾಳಿ ಇರೋ ಕಡೆ ಕೂರಿಸಿದೆ. ಯಾಕಂದ್ರೆ ಆ ಬಕೆಟ್‌ನಿಂದ ಏಳುತ್ತಿದ್ದದ್ದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಯುದ್ಧದಲ್ಲಿ ಬಳಸಿದ ವಿಷವನ್ನು ನಾವು ಮದುವೆ ಜಮಖಾನದ ಕಲೆ ತೆಗೆಯೋಕೆ ಬಕೆಟ್‌ನಲ್ಲಿ ತಯಾರಿಸುತ್ತಿದ್ದೇವೆ! ಬ್ಲೀಚಿಂಗ್ ಮತ್ತು ಆ್ಯಸಿಡ್ ಸೇರಿದರೆ ಹೀಗಾಗುತ್ತೆ ಅಂತ ಆ ಹುಡುಗನಿಗೆ ಒಬ್ಬರಾದರೂ ಹೇಳಿರಲಿಲ್ಲ.

ಇದೆಲ್ಲ ಹಳ್ಳಿ ಕಡೆ ಮಾತ್ರ, ಬೆಂಗಳೂರಲ್ಲಿ ಎಲ್ಲ ಪ್ರೊಫೆಷನಲ್ ಅಂದ್ಕೊಂಡ್ರಾ? ಅಲ್ಲಿಗೇ ಬರ್ತೀನಿ ತಡೀರಿ. ನಾನಿರೋ ಬಾಡಿಗೆ ಮನೆಗೆ ಒಂದು ಕಾರ್ಪೆಟ್ ಕ್ಲೀನಿಂಗ್ ಕಂಪನಿಯವರು ಬಂದಿದ್ದರು. ಟೀ-ಶರ್ಟ್ ಯೂನಿಫಾರ್ಮ್, ವಿಮಾನದ ಥರ ಸದ್ದು ಮಾಡೋ ಮೆಷಿನ್, ಎಲ್ಲ ಇತ್ತು. ಆದರೆ ಬಾಟ್ಲಿ ಮಾತ್ರ ಒಂದೇ. ಸೋಫಾಕ್ಕೂ ಅದೇ, ಬಾಗಿಲ ಬಳಿಯ ಸೆಣಬಿನ ಮ್ಯಾಟಿಗೂ ಅದೇ, ರೂಮ್‌ಮೇಟ್ ಊರಿಂದ ತಂದಿದ್ದ ಉಣ್ಣೆ ಹಾಸಿಗೂ ಅದೇ. "ನೀರಿಗೆ ಎಷ್ಟು ಹಾಕ್ತೀಯಪ್ಪಾ?" ಅಂದರೆ "ಅಂದಾಜಿಗೆ ಸಾರ್" ಅಂದ. ಬಾಟ್ಲಿ ಮೇಲೆ ಅಳತೆ ಬರೆದಿತ್ತು. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಕೊಪ್ಪಳ ಕಡೆಯ ಆ ಹುಡುಗನಿಗೆ ಕನ್ನಡ ಚೆನ್ನಾಗಿ ಓದೋಕೆ ಬರುತ್ತೆ, ಇಂಗ್ಲಿಷ್ ಬರಲ್ಲ. ಸಂಜೆ ಹೊತ್ತಿಗೆ ಸೆಣಬಿನ ಮ್ಯಾಟು ಕಂದು ಕಂದಾಗಿತ್ತು, ಉಣ್ಣೆ ಹಾಸಿನ ಕೆಂಪು ಅಂಚು ಬಿಳಿಗೆ ಇಳಿದಿತ್ತು. ಕಂಪನಿಯವರು ಆ ಹುಡುಗನ ಸಂಬಳದಲ್ಲಿ ಹಿಡ್ಕೊಳ್ತೀವಿ ಅಂದರು. ಅಲ್ಲಾ ಸ್ವಾಮಿ, ಅವನಿಗೆ ಹೇಳಿಕೊಡದೇ ಇದ್ದವರು ಯಾರು?

ಹೇಳಿಕೊಡೋಕೆ ಇದೇನು ರಾಕೆಟ್ ವಿದ್ಯೆಯೂ ಅಲ್ಲ. ಒಂದು ಪುಟದಲ್ಲಿ ಮುಗಿಯುತ್ತೆ.

ಮೊದಲು ನೂಲು ಯಾವುದು ನೋಡಬೇಕು. ಉಣ್ಣೆ ಅಂದ್ರೆ ಪ್ರೋಟೀನ್, ನಮ್ಮ ಕೂದಲಿನ ಥರ. ಅದಕ್ಕೆ ಕ್ಷಾರ ಆಗಿಬರಲ್ಲ. ಪಿಎಚ್ ಸುಮಾರು 5.5ರಿಂದ 8ರ ಒಳಗಿದ್ದರೆ ಕ್ಷೇಮ. ಮನೆಯ ವಾಷಿಂಗ್ ಪೌಡರ್ ಕಲಸಿದ ನೀರು ಸಾಮಾನ್ಯವಾಗಿ 10ರ ಆಸುಪಾಸು. 7ಕ್ಕೂ 10ಕ್ಕೂ ಮೂರೇ ಅಂಕಿ ವ್ಯತ್ಯಾಸ ಅನ್ನಬೇಡಿ. ಪಿಎಚ್‌ನಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು, ಅಂದರೆ ಮೂರಕ್ಕೆ ಸಾವಿರ ಪಟ್ಟು! ಜೊತೆಗೆ ಎಷ್ಟೋ ಪೌಡರ್‌ಗಳಲ್ಲಿ ಪ್ರೋಟಿಯೇಸ್ ಅನ್ನೋ ಕಿಣ್ವ ಇರುತ್ತೆ. ರಕ್ತ, ಹಾಲಿನಂಥ ಪ್ರೋಟೀನ್ ಕಲೆಗಳನ್ನು ಒಡೆಯೋದು ಅದರ ಕೆಲಸ. ಕಂಬಳಿಯೂ ಪ್ರೋಟೀನೇ ಅಂತ ಪಾಪ ಆ ಕಿಣ್ವಕ್ಕೆ ಬೇರೆ ಹೇಳಬೇಕಾ? :) ಇನ್ನು ಕ್ಲೋರಿನ್ ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತೆ. ಬಿಸಿ ನೀರಲ್ಲಿ ಹಾಕಿ ತಿಕ್ಕಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿ ಕುಗ್ಗುತ್ತೆ. ನಮ್ಮ ಕಡೆ ಕುರುಬರು ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟ ಕರಿ ಕಂಬಳಿ ತಲೆಮಾರುಗಟ್ಟಲೆ ಬಾಳೋ ವಸ್ತು. ಅದನ್ನು ಮೂರು ಸಲ ಪೌಡರ್ ಹಾಕಿ ತೊಳೆದು ಹಾಳುಮಾಡಿ, "ಈಗಿನ ಕಂಬಳಿ ಸರಿ ಇಲ್ಲ" ಅಂತ ನೇಯ್ದವರಿಗೇ ಬೈಯ್ಯೋದು!

ಹತ್ತಿ ಇದಕ್ಕೆ ಉಲ್ಟಾ. ಕ್ಷಾರ ತಡೆಯುತ್ತೆ, ಬಲವಾದ ಆ್ಯಸಿಡ್ ತಡೆಯಲ್ಲ. ನವಲಗುಂದದ ಜಮಖಾನ ಹತ್ತಿಯದು. ಅಲ್ಲಿನ ಹೆಣ್ಣುಮಕ್ಕಳು ಕೈಯಿಂದ ನೇಯ್ದದ್ದು, ಜಿಐ ಟ್ಯಾಗ್ ಇರೋದು. ಅದಕ್ಕೆ ಸಂಡಾಸದ ಆ್ಯಸಿಡ್ ಬಿದ್ದರೆ ಅವತ್ತು ಏನೂ ಕಾಣಲ್ಲ. ನೀರು ಆರುತ್ತಾ ಹೋದಂತೆ ಆ್ಯಸಿಡ್ ಗಟ್ಟಿಯಾಗಿ ನೂಲನ್ನು ತಿನ್ನುತ್ತೆ, ಆಮೇಲೆ ಒಂದು ದಿನ ಮಡಿಚುವಾಗ ಪರ್ ಅಂತ ಹರಿಯುತ್ತೆ. ಸೆಣಬು ಹೆಚ್ಚು ನೀರು ಮತ್ತು ಕ್ಷಾರ ಎರಡೂ ಸೇರಿದರೆ ಕಂದಾಗುತ್ತೆ. ಪ್ಲಾಸ್ಟಿಕ್ ಎಳೆಯ ಕಾರ್ಪೆಟ್ ಇವುಗಳಲ್ಲೆಲ್ಲ ಗಟ್ಟಿ, ಆದರೆ ಎಣ್ಣೆಯನ್ನು ಕಚ್ಚಿಕೊಳ್ಳುತ್ತೆ, ಬಿಸಿಗೆ ಮುದುಡುತ್ತೆ. ಈಗ ನೀವೇ ಹೇಳಿ, ಈ ನಾಲ್ಕಕ್ಕೂ ಒಂದೇ ಬಾಟ್ಲಿ ಹೇಗೆ ಸಾಕಾಗುತ್ತೆ?

"ಪಿಎಚ್ ಅಳೆಯೋಕೆ ನಮ್ಮತ್ರ ಲ್ಯಾಬ್ ಇದೆಯಾ?" ಅಂತೀರಾ? ಇದೆ ರೀ. ಎಲ್ಲಮ್ಮನ ಭಂಡಾರ! ಅರಿಸಿನ ಕ್ಷಾರಕ್ಕೆ ಕೆಂಪಾಗುತ್ತೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡ್ತಿದ್ದ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಬಿಳಿ ಕಾಗದಕ್ಕೆ ಒದ್ದೆ ಅರಿಸಿನ ಸವರಿ ಒಣಗಿಸಿ. ಕಲಸಿದ ದ್ರಾವಣದ ಒಂದು ಹನಿ ಅದರ ಮೇಲೆ ಬಿಡಿ. ಕೆಂಪಾಯ್ತಾ? ಹಾಗಾದರೆ ಅದನ್ನು ಕಂಬಳಿ ಹತ್ತಿರ ತರಬೇಡಿ. ಜಮಖಾನದ ಮೇಲಿನ ಭಂಡಾರದ ಕಲೆಗೆ ಸಬಕಾರ ಹಚ್ಚಿದಾಗ ಕೆಂಪಾಗೋದೂ ಇದಕ್ಕೇ. ಹೆದರಿ ಬ್ಲೀಚಿಂಗ್ ಸುರಿಯೋ ಅಗತ್ಯ ಇಲ್ಲ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ, ಅರಿಸಿನ ಬಿಸಿಲಿಗೆ ತಾನೇ ಮಂಕಾಗುತ್ತೆ.

ಹಚ್ಚೋದಕ್ಕೂ ಒಂದು ಕ್ರಮ ಇದೆ. 1959ರಲ್ಲಿ ಹರ್ಬರ್ಟ್ ಸಿನ್ನರ್ ಅನ್ನೋ ಜರ್ಮನ್ ರಸಾಯನ ತಜ್ಞ ಒಂದು ಸರಳ ಲೆಕ್ಕ ಕೊಟ್ಟ. ಯಾವುದನ್ನೇ ತೊಳೆಯಲಿ, ಕೆಲಸ ಮಾಡೋದು ನಾಲ್ಕು: ರಾಸಾಯನಿಕ, ತಿಕ್ಕಾಟ, ಬಿಸಿ, ಸಮಯ. ಒಂದನ್ನು ಇಳಿಸಿದರೆ ಇನ್ನೊಂದನ್ನು ಏರಿಸಬೇಕು. ನಾವು ಏನು ಮಾಡ್ತೀವಿ? ಸಮಯ ಕೊಡಲ್ಲ, ಅದರ ಬದಲು ರಾಸಾಯನಿಕ ಸುರೀತೀವಿ. ಈ ನಾಲ್ಕರಲ್ಲಿ ಪುಕ್ಕಟೆ ಸಿಗೋದು ಸಮಯ ಒಂದೇ! ಮೊದಲು ಒಣಗಿದ್ದಾಗಲೇ ಹಾಸನ್ನು ಬಡಿದು ಅಥವಾ ವ್ಯಾಕ್ಯೂಮ್ ಹಾಕಿ ಧೂಳು ತೆಗೀರಿ. ಕೊಳೆಯ ದೊಡ್ಡ ಪಾಲು ಒಣ ಧೂಳೇ, ನೀರು ಬಿದ್ದರೆ ಅದೇ ಕೆಸರು. ಆಮೇಲೆ ಕಾಣದ ಮೂಲೆಯಲ್ಲಿ ದ್ರಾವಣ ಹಚ್ಚಿ, ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಬಟ್ಟೆಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಟೆಸ್ಟ್ ಮಾಡದ ಕೋಡನ್ನು ನಾನು ಗ್ರಾಹಕರಿಗೆ ಕೊಟ್ಟರೆ ಮ್ಯಾನೇಜರ್ ನನ್ನನ್ನು ಮನೆಗೆ ಕಳಿಸ್ತಾರೆ, ಕಾರ್ಪೆಟ್ಟಿಗೆ ಯಾಕೆ ಬೇರೆ ನ್ಯಾಯ? ಬಣ್ಣ ಗಟ್ಟಿ ಇದ್ದರೆ ಅಳತೆಯಷ್ಟೇ ಹಚ್ಚಿ, ಐದರಿಂದ ಹತ್ತು ನಿಮಿಷ ಬಿಡಿ, ಒಣಗೋಕೆ ಬಿಡಬೇಡಿ. ಕೊನೆಗೆ ಜಾಲಿಸಿ, ಮತ್ತೆ ಜಾಲಿಸಿ. ನಮ್ಮ ಕಡೆಯ ಬೋರಿನ ಸವಳು ನೀರಿಗೆ ಸಬಕಾರ ನೊರೆ ಬರಲ್ಲ ಅಂತ ಇನ್ನಷ್ಟು ಹಾಕೋದು ರೂಢಿ. ಅದು ಜಿಗಟಾಗಿ ಎಳೆಯಲ್ಲೇ ಉಳಿದು, ವಾರದಲ್ಲಿ ಮೊದಲಿಗಿಂತ ಹೆಚ್ಚು ಧೂಳು ಹಿಡಿಯುತ್ತೆ. ಪೂರ್ತಿ ಒಣಗದೆ ಸುತ್ತಿಟ್ಟರೆ ಮುಗ್ಗು ವಾಸನೆ ಗ್ಯಾರಂಟಿ.

ಕೆಲವರು ಇಷ್ಟು ಹೇಳಿದ ಕೂಡಲೇ "ಅದಕ್ಕೇ ಹಳೇ ಕಾಲದ್ದೇ ಒಳ್ಳೆಯದು, ಎಲ್ಲ ನೈಸರ್ಗಿಕ" ಅಂತ ಶುರು ಮಾಡ್ತಾರೆ. ಅರ್ಧ ಸತ್ಯ. ಅಂಟುವಾಳ ಮೆತ್ತಗಿನದು, ಉಣ್ಣೆಗೆ ರೇಷ್ಮೆಗೆ ನಿಜಕ್ಕೂ ಒಳ್ಳೆಯದು. ಆದರೆ ಮದುವೆ ಮನೆಯ ಎಣ್ಣೆ ಕುಡಿದ ಹಾಸಿಗೆ ಅದರ ಶಕ್ತಿ ಸಾಲದು. ಅಗಸರು ಬಳಸುತ್ತಿದ್ದ ಸವಳು ಮಣ್ಣೂ ನೈಸರ್ಗಿಕವೇ, ಆದರೆ ಅದು ಕ್ಷಾರ. ಅವರು ಹತ್ತಿ ಬಟ್ಟೆಗೆ ಯಾವುದು, ರೇಷ್ಮೆಗೆ ಯಾವುದು ಅಂತ ತಿಳಿದೇ ಹಾಕುತ್ತಿದ್ದರು. ನಾವು ಕಳಕೊಂಡದ್ದು ಅಂಟುವಾಳವನ್ನಲ್ಲ, ಆ ತಿಳಿವಳಿಕೆಯನ್ನ.

ಇನ್ನು ಕೆಲವರದ್ದು "ಇದಕ್ಕೆಲ್ಲ ಖರ್ಚು ಯಾರು ಕೊಡ್ತಾರೆ?" ಅನ್ನೋ ಪ್ರಶ್ನೆ. ಯಾವ ಖರ್ಚು? ಅಳತೆ ಪ್ರಕಾರ ಹಾಕಿದರೆ ರಾಸಾಯನಿಕ ಉಳಿಯುತ್ತೆ. ಒಂದು ಜೊತೆ ರಬ್ಬರ್ ಗ್ಲೌಸಿಗೆ ಒಂದು ಹೋಟೆಲ್ ಊಟದ ದುಡ್ಡು. ಒಂದು ಜಮಖಾನ ಹರಿದರೆ ಎಷ್ಟು ಜೊತೆ ಗ್ಲೌಸ್ ಬರುತ್ತೆ ಅಂತ ಶಾಮಿಯಾನದ ಮಾಲೀಕರೇ ಲೆಕ್ಕ ಹಾಕಲಿ.

ನಾನು ಕೇಳೋದು ಮೂರೇ. ಬಾಟ್ಲಿ ಮೇಲೆ ಕನ್ನಡದಲ್ಲಿ, ಕಣ್ಣಿಗೆ ಕಾಣೋ ಅಕ್ಷರದಲ್ಲಿ, ಯಾವ ನೂಲಿಗೆ ಹಾಕಬೇಕು, ಯಾವುದಕ್ಕೆ ಹಾಕಬಾರದು, ನೀರಿಗೆ ಎಷ್ಟು ಅಂತ ಬರೀರಿ. ತೊಳೆಯೋರಿಗೆ ಗ್ಲೌಸ್ ಕೊಡಿ, ಗಾಳಿ ಆಡೋ ಜಾಗ ಕೊಡಿ. ಬ್ಲೀಚಿಂಗ್ ಮತ್ತು ಆ್ಯಸಿಡ್ ಒಂದೇ ಕಪಾಟಿನಲ್ಲಿ ಇಡಲೇಬೇಡಿ. ತೊಳೆಸೋ ನಾವೂ ದರ ಕೇಳೋ ಮುಂಚೆ "ಏನು ಹಾಕ್ತೀರಿ, ಎಷ್ಟು ಹಾಕ್ತೀರಿ?" ಅಂತ ಕೇಳೋಣ. ಉತ್ತರ "ಅಂದಾಜಿಗೆ" ಅಂತ ಬಂದರೆ ಹುಡುಗನ ಮೇಲೆ ರೇಗಬೇಡಿ, ಅವನ ಮಾಲೀಕರಿಗೆ ಫೋನ್ ಹಚ್ಚಿ.

ಬಸವಣ್ಣನವರ ಕಾಲದಲ್ಲಿ ಬಟ್ಟೆ ಒಗೆಯೋದನ್ನೇ ಕಾಯಕ ಮಾಡಿಕೊಂಡ ಮಡಿವಾಳ ಮಾಚಿದೇವರ ಜಯಂತಿಯನ್ನು ಫೆಬ್ರುವರಿ 1ರಂದು ಮಾಡ್ತೀವಿ. ಫೋಟೋಗೆ ಹಾರ ಹಾಕ್ತೀವಿ, ಭಾಷಣ ಬಿಗೀತೀವಿ. ಅದೇ ಕಾಯಕ ಮಾಡೋ ಇವತ್ತಿನ ಹುಡುಗನಿಗೆ ಬಾಟ್ಲಿಯಲ್ಲಿ ಏನಿದೆ ಅಂತ ಅವನ ಭಾಷೆಯಲ್ಲಿ ಹೇಳೋಕೆ ಮಾತ್ರ ನಮಗೆ ಪುರುಸೊತ್ತಿಲ್ಲ. ಹಾರದ ದುಡ್ಡಲ್ಲಿ ಗ್ಲೌಸ್ ಬರುತ್ತೆ ರೀ.

ಏನಂತೀರಿ?