ಮಾತ್ರೆಯ ಬೆಲೆ ಮತ್ತು ಮಗಳ ಓದು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಲ್.ಎಲ್.ಬಿ. ಮುಗಿಸಿದ್ದಾಳೆ. ಮುಂದೆ ಸ್ಪರ್ಧಾ ಕಾನೂನು, ಬೌದ್ಧಿಕ ಆಸ್ತಿ ಮತ್ತು ಅಂತಾರಾಷ್ಟ್ರೀಯ ವ್ಯಾಪಾರ ಕಾನೂನಿನಲ್ಲಿ ಎಲ್.ಎಲ್.ಎಂ. ಮಾಡಬೇಕೆಂಬುದು ಅವಳ ಹಟ. ಅವಳ ತಾಯಿ ಮನೆಗೆ ಬಂದು, “ಟೀಚರ್, ಅದೆಲ್ಲಾ ದೊಡ್ಡ ಕಂಪೆನಿಗಳ ವಿಷಯವಂತೆ. ನಮ್ಮ ಹುಡುಗಿಗೆ ಯಾಕೆ? ನೀವೊಮ್ಮೆ ಬುದ್ಧಿ ಹೇಳಿ” ಎಂದರು. ಹೇಳುತ್ತಲೇ ಚೀಲದಿಂದ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದು ನುಂಗಿದರು. ನನಗೆ ಅಷ್ಟು ಸಾಕಾಯಿತು.

ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧಿಗೆ ಪೇಟೆಂಟ್ ಇರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಹಾಗಾಗಿ ಅದೇ ಔಷಧಿಯನ್ನು ಬೇರೆ ವಿಧಾನದಲ್ಲಿ ಅಗ್ಗವಾಗಿ ತಯಾರಿಸಲು ಇಲ್ಲಿಯ ಕಂಪೆನಿಗಳಿಗೆ ಸಾಧ್ಯವಾಯಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಬಂತು. ಅದರ ಒಪ್ಪಂದದಂತೆ 2005ರಿಂದ ಔಷಧಿಗೂ 20 ವರ್ಷಗಳ ಪೇಟೆಂಟ್ ಕೊಡಬೇಕಾಯಿತು.

ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರ್‌ಗೆ ಬಾಯರ್ ಕಂಪೆನಿಯ ನೆಕ್ಸಾವರ್ ಎಂಬ ಔಷಧಿಯಿದೆ. ಆಗ ಒಂದು ತಿಂಗಳ ಮಾತ್ರೆಗೆ ಸುಮಾರು 2 ಲಕ್ಷ 80 ಸಾವಿರ ರೂಪಾಯಿ! ಪೇಟೆಂಟ್ ಇರುವ ಔಷಧಿ ಜನರ ಕೈಗೆಟಕುವ ಬೆಲೆಗೆ ಸಿಗದಿದ್ದರೆ ಬೇರೆಯವರಿಗೆ ಕಡ್ಡಾಯ ಪರವಾನಗಿ ಕೊಡಬಹುದೆಂದು ನಮ್ಮ ಕಾಯ್ದೆ ಹೇಳುತ್ತದೆ. ಅಂಥ ಪರವಾನಗಿಗೆ ಆ ಒಪ್ಪಂದದಲ್ಲೂ ಅವಕಾಶವಿದೆ. 2012ರ ಮಾರ್ಚಿನಲ್ಲಿ ಹೈದರಾಬಾದಿನ ನ್ಯಾಟ್ಕೋಗೆ ಅದು ದೊರೆಯಿತು. ಬೆಲೆ 9 ಸಾವಿರದೊಳಗೆ ಇಳಿಯಿತು. ಬಾಯರ್‌ಗೂ ಗೌರವಧನ ಸಿಕ್ಕಿತು. ಮರುವರ್ಷ ಏಪ್ರಿಲಿನಲ್ಲಿ, ಹಳೆಯ ಔಷಧಿಯ ರೂಪ ಬದಲಿಸಿದ ಮಾತ್ರಕ್ಕೆ ಹೊಸ ಪೇಟೆಂಟ್ ಸಿಗದೆಂದು ನೊವಾರ್ಟಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಅರ್ಜಿಯನ್ನು ವಿರೋಧಿಸಿದವರಲ್ಲಿ ಕ್ಯಾನ್ಸರ್ ರೋಗಿಗಳ ಸಂಘಟನೆಯೊಂದೂ ಇತ್ತು.

ಆ ಸಾಲುಗಳೆಲ್ಲ ಪುಸ್ತಕದಲ್ಲಿ ಮೊದಲೇ ಇದ್ದವು. ಓದಿ ವಾದಿಸುವವರು ಬೇಕಿತ್ತು, ಅಷ್ಟೆ.

ಇನ್ನು ಸ್ಪರ್ಧಾ ಕಾನೂನು. ತಮ್ಮ ಒಪ್ಪಿಗೆಯಿಲ್ಲದೆ ಕಂಪೆನಿಗಳು ಹೊಸ ವಿತರಕರನ್ನು ನೇಮಿಸಬಾರದೆಂದು ಔಷಧಿ ವ್ಯಾಪಾರಿಗಳ ಸಂಘಗಳು ಪಟ್ಟು ಹಿಡಿದಾಗ, ಅದು ತಪ್ಪೆಂದು ಸ್ಪರ್ಧಾ ಆಯೋಗ ಹಲವು ಬಾರಿ ಹೇಳಿದೆ. ಮದ್ರಸದಲ್ಲಿ ‘ಇಹ್ತಿಕಾರ್’ ಓದಿದವರಿಗೆ ಇದು ಹೊಸತಲ್ಲ. ಬೆಲೆಯೇರಲೆಂದು ಸರಕು ಕೂಡಿಡುವುದನ್ನು ಪ್ರವಾದಿ(ಸ) ಪಾಪವೆಂದರು. ಸರಕು ತರುವವರನ್ನು ಪೇಟೆಗೆ ಮುಟ್ಟುವ ಮುನ್ನವೇ ದಾರಿಯಲ್ಲಿ ಅಡ್ಡಗಟ್ಟಿ ಕೊಳ್ಳುವುದನ್ನೂ ತಡೆದರು.

ಹಾಗೆಂದು ಪೇಟೆಂಟೇ ಅನ್ಯಾಯವೆಂದು ನಾನು ಹೇಳಲಾರೆ. ಬೌದ್ಧಿಕ ಹಕ್ಕನ್ನು ಆಸ್ತಿಯೆಂದು ಒಪ್ಪದ ಉಲಮಾಗಳಿದ್ದರು. ಆದರೆ 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ, ಗ್ರಂಥಕರ್ತರ ಮತ್ತು ಸಂಶೋಧಕರ ಹಕ್ಕುಗಳನ್ನು ಶರೀಅತ್ ರಕ್ಷಿಸುತ್ತದೆಂದು ನಿರ್ಣಯಿಸಿತು. ಶ್ರಮಪಟ್ಟವನಿಗೆ ಫಲ ಸಿಗಬೇಕು, ರೋಗಿಗೆ ಔಷಧಿಯೂ ಸಿಗಬೇಕು. ಎಲ್ಲಿ ಗೆರೆ ಎಳೆಯುವುದು? ಹುಡುಗಿ ಓದಹೊರಟಿರುವುದು ಅದನ್ನೇ.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಓದಿ ಅವಳು ಕಂಪೆನಿಯ ಕಡೆಗೇ ಹೋದರೆ?” ಎಂದರು. ಹೋಗಬಹುದು, ಅಲ್ಲಿ ಸಂಬಳ ಹೆಚ್ಚು. ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. “ಅದನ್ನು ನೀವೇ ಅವಳ ಹತ್ತಿರ ಕೇಳಿ” ಎಂದೆ. ಮಾರನೆಯ ದಿನ ಫೋನ್ ಬಂತು. ಪ್ರವೇಶ ಪರೀಕ್ಷೆಯ ಅರ್ಜಿಗೆ ಕೊನೆಯ ದಿನಾಂಕ ಯಾವುದೆಂದು ಕೇಳುತ್ತಿದ್ದರು.