ಅಜ್ಜನ ಚೀಟಿಯಲ್ಲಿ ಎಂತ ಬರೆದದ್ದು?

ಕೆಲವು ವಾರಗಳ ಹಿಂದೆ ಮಧ್ಯಾಹ್ನದ ಬಿಡುವಿನಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಮ್ಮ ಮೇಜಿನ ಬಳಿ ಬಂದು, ನಾಲ್ಕಾಗಿ ಮಡಚಿದ ಕಾಗದವೊಂದನ್ನು ಮುಂದಿಟ್ಟ. “ಮಾಸ್ಟ್ರೇ, ಇದು ಅಜ್ಜನದ್ದು. ಇದರಲ್ಲಿ ಎಂತ ಬರೆದದ್ದು?” ಎಂದು ಕೇಳಿದ. ಅದು ರಕ್ತ ಮತ್ತು ಮೂತ್ರ ಪರೀಕ್ಷೆಯ ಚೀಟಿ. ಅಕ್ಷರವೆಲ್ಲ ಇಂಗ್ಲಿಷು. ದಿನಾಂಕ ಹದಿನಾಲ್ಕು ತಿಂಗಳ ಹಿಂದಿನದು. ಅಲ್ಲಿಯವರೆಗೆ ಅದು ರೇಶನ್ ಕಾರ್ಡಿನ ನಡುವೆ ಭದ್ರವಾಗಿತ್ತಂತೆ. ಚೀಟಿ ಕೊಟ್ಟವರು ಮಲಯಾಳದಲ್ಲಿ ಏನೇನೋ ಹೇಳಿದ್ದರು. ಅಜ್ಜನಿಗೆ ಅರ್ಥವಾದದ್ದು “ಕುಳಪ್ಪಮಿಲ್ಲ” ಎಂಬ ಒಂದೇ ಮಾತು. ತೊಂದರೆ ಇಲ್ಲವೆಂದ ಮೇಲೆ ವೈದ್ಯರಿಗೆ ತೋರಿಸುವುದೇಕೆಂದು ಅವರು ಸುಮ್ಮನಿದ್ದರು. ಈಗ ಕಾಲು ಬಾತುಕೊಂಡಿದೆ.

ನಾವು ವೈದ್ಯರಲ್ಲ. ಆದರೆ ಆಲ್ಬುಮಿನ್ ಎಂಬ ಪದದ ಎದುರು ಎರಡು ಕೂಡಿಸುವ ಗುರುತುಗಳನ್ನು ಕಂಡ ಮೇಲೆ ಸುಮ್ಮನಿರುವಂತಿರಲಿಲ್ಲ. ಇವತ್ತೇ ವೈದ್ಯರ ಬಳಿ ಕರೆದುಕೊಂಡು ಹೋಗಿ ಎಂದು ಹೇಳಿ ಕಳುಹಿಸಿದೆವು. ಚಿಕಿತ್ಸೆ ಈಗ ನಡೆಯುತ್ತಿದೆ. ಕಳೆದುಹೋದ ಹದಿನಾಲ್ಕು ತಿಂಗಳು ಮಾತ್ರ ಹಿಂದಕ್ಕೆ ಬರಲಾರವು.

ಚೀಟಿ ಇರುವುದು ವೈದ್ಯರಿಗೆ, ರೋಗಿಗೆ ಅದರ ಗೊಡವೆ ಏಕೆ, ಅರೆತಿಳಿವು ಅಪಾಯವಲ್ಲವೇ ಎಂದು ಕೇಳುವವರಿದ್ದಾರೆ. ಚೀಟಿ ಓದಿ ತಾವೇ ಮದ್ದು ಮಾಡಿಕೊಳ್ಳಲಿ ಎಂದು ನಾವು ಹೇಳುತ್ತಿಲ್ಲ. ಯಾವಾಗ ವೈದ್ಯರ ಬಳಿಗೆ ಓಡಬೇಕು ಎಂಬಷ್ಟಾದರೂ ತಿಳಿದಿರಬೇಕಲ್ಲವೇ? ಕಿಡ್ನಿಯ ಕಾಯಿಲೆ ಬಹುಕಾಲ ನೋವು ಕೊಡದೆ ಒಳಗೊಳಗೇ ಬೆಳೆಯುವಂಥದು. ಚೀಟಿಯೇ ಅದರ ಮೊದಲ ಕೂಗು. ಆ ಕೂಗು ರೇಶನ್ ಕಾರ್ಡಿನೊಳಗೆ ಉಳಿದರೆ ಪ್ರಯೋಜನವೇನು?

ಮೊದಲು ಮೂತ್ರದ ಚೀಟಿಯನ್ನು ನೋಡೋಣ. ಆರೋಗ್ಯವಂತ ಕಿಡ್ನಿ ರಕ್ತದ ಆಲ್ಬುಮಿನ್ ಎಂಬ ಸಸಾರಜನಕವನ್ನು ಹೊರಗೆ ಬಿಡುವುದಿಲ್ಲ. ಜ್ವರವಿದ್ದಾಗ, ಮೈಮುರಿದು ದುಡಿದ ದಿನ ತುಸು ಕಾಣಿಸಿಕೊಳ್ಳಬಹುದು. ಮತ್ತೊಮ್ಮೆ ಪರೀಕ್ಷಿಸಿದಾಗಲೂ ಇದ್ದರೆ ಜರಡಿ ಸೋರುತ್ತಿದೆ ಎಂದರ್ಥ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಈ ಸಾಲನ್ನು ತಪ್ಪದೆ ನೋಡಬೇಕು. ಪಸ್ ಸೆಲ್ಸ್ ಎಂದರೆ ಕೀವಿನ ಕಣಗಳು. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಐದರವರೆಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಿದ್ದು, ಉರಿ ಅಥವಾ ಜ್ವರವೂ ಇದ್ದರೆ ಸೋಂಕಿನ ಶಂಕೆ. ನೈಟ್ರೈಟ್ ಪಾಸಿಟಿವ್ ಎಂದಿದ್ದರೆ ಶಂಕೆ ಇನ್ನಷ್ಟು ಬಲವಾಗುತ್ತದೆ. ಯಾವ ರೋಗಾಣು, ಅದಕ್ಕೆ ಯಾವ ಮದ್ದು ತಾಗುತ್ತದೆ ಎಂದು ತಿಳಿಯುವುದು ಕಲ್ಚರ್ ಪರೀಕ್ಷೆಯಿಂದ. ಅದಕ್ಕೆ ಮೊದಲ ಧಾರೆಯನ್ನು ಬಿಟ್ಟು ನಡುವಿನ ಮೂತ್ರವನ್ನು ಹಿಡಿಯಬೇಕು, ಆದಷ್ಟೂ ಮದ್ದು ಆರಂಭಿಸುವ ಮೊದಲೇ ಕೊಡಬೇಕು. ಈ ಸಣ್ಣ ಮಾತನ್ನು ಅರ್ಥವಾಗುವ ಭಾಷೆಯಲ್ಲಿ ಹೇಳದಿದ್ದುದರಿಂದಲೇ ಎಷ್ಟು ಪರೀಕ್ಷೆಗಳು ವ್ಯರ್ಥವಾಗುತ್ತವೋ!

ಗಂಡಸರು ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಹೆಂಗಸರ ಮೂತ್ರನಾಳ ಗಿಡ್ಡ, ಆದ್ದರಿಂದ ಅವರಿಗೆ ಸೋಂಕು ಬೇಗ ತಗಲುತ್ತದೆ. ಗಂಡಸರಲ್ಲಿ ಅದು ಅಪರೂಪ. ಹಾಗಾಗಿ ಗಂಡಸಿಗೆ ಸೋಂಕಾಯಿತೆಂದರೆ, ಅದರಲ್ಲೂ ಮರುಕಳಿಸಿತೆಂದರೆ, ಹಿಂದೆ ಬೇರೊಂದು ಕಾರಣ ಇದೆಯೇ ಎಂದು ನೋಡಲೇಬೇಕು. ಕಲ್ಲು ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ವಯಸ್ಸಾದವರಲ್ಲಿ ಪ್ರೊಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರ ಪೂರ್ತಿ ಹೊರಹೋಗದೆ ಉಳಿಯುತ್ತಿರಬಹುದು. ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಅಂಕಿ ನಾಲ್ಕನ್ನು ಮೀರಿದೆ ಎಂದು ಕೂಡಲೇ ಕ್ಯಾನ್ಸರ್ ಎಂದು ಹೆದರಿ ಊಟ ಬಿಡುವವರನ್ನೂ ನಾವು ಕಂಡಿದ್ದೇವೆ. ಗ್ರಂಥಿ ದಪ್ಪವಾದರೂ, ಸೋಂಕಾದರೂ ಆ ಅಂಕಿ ಏರುತ್ತದೆ. ಆದರೆ ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದರೆ, ಒಂದೇ ಬಾರಿ ಹೋಗಿ ನಿಂತರೂ, ಅಲಕ್ಷ್ಯ ಮಾಡಬಾರದು. ಬೀಡಿ ಸಿಗರೇಟು ಸೇದುವವರಿಗಂತೂ ಮೂತ್ರಕೋಶದ ಕ್ಯಾನ್ಸರಿನ ಭಯ ಹೆಚ್ಚು.

ಇನ್ನು ರಕ್ತದ ಚೀಟಿ. ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ಬರುವ ಕಸ. ಅದನ್ನು ಹೊರಹಾಕುವುದು ಕಿಡ್ನಿಯ ಕೆಲಸ. ಗಂಡಸರಿಗೆ 0.7ರಿಂದ 1.3ರವರೆಗೆ ಸರಿ ಎಂದು ಸಾಮಾನ್ಯವಾಗಿ ಚೀಟಿಯಲ್ಲಿ ಮುದ್ರಿಸಿರುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ತುಸು ವ್ಯತ್ಯಾಸವಿರುತ್ತದೆ. ನಮ್ಮವರು ಮೋಸ ಹೋಗುವುದು ಇಲ್ಲಿಯೇ. 1.3 ಎಂಬ ಅಂಕಿ ಮೂವತ್ತರ ಗಟ್ಟಿಮುಟ್ಟಾದ ಯುವಕನಿಗೂ, ಎಪ್ಪತ್ತೈದರ ಅಜ್ಜನಿಗೂ ಒಂದೇ ಅರ್ಥ ಕೊಡುವುದಿಲ್ಲ. ವಯಸ್ಸನ್ನೂ ಲಿಂಗವನ್ನೂ ಸೇರಿಸಿ ಲೆಕ್ಕ ಹಾಕುವ ಇಜಿಎಫ್‌ಆರ್ ಎಂಬ ಅಂಕಿ, ಕಿಡ್ನಿಯ ಸೋಸುವ ಶಕ್ತಿ ಎಷ್ಟಿದೆ ಎಂದು ಹೇಳುತ್ತದೆ. ಅದೇ 1.3ಕ್ಕೆ ಯುವಕನ ಇಜಿಎಫ್‌ಆರ್ ಸುಮಾರು 76, ಅಜ್ಜನದ್ದು ಸುಮಾರು 57. ಈ ಅಂಕಿ ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. 15ಕ್ಕಿಂತ ಕೆಳಗಿಳಿದರೆ ಕಿಡ್ನಿ ಸೋತಂತೆಯೇ. ಒಂದು ಚೀಟಿಯಿಂದ ತೀರ್ಮಾನವಾಗದು. ಹಳೆಯ ಚೀಟಿಯ ಪಕ್ಕದಲ್ಲಿ ಹೊಸದನ್ನಿಟ್ಟು ಏರಿದೆಯೋ ಇಳಿದಿದೆಯೋ ಎಂದು ನೋಡಬೇಕು. ಆದ್ದರಿಂದ ಚೀಟಿಗಳನ್ನು ದಿನಾಂಕದ ಪ್ರಕಾರ ಒಂದೇ ಕಡೆ ಜೋಡಿಸಿಡಿ, ವೈದ್ಯರಲ್ಲಿಗೆ ಹೋಗುವಾಗ ಎಲ್ಲವನ್ನೂ ಕೊಂಡೊಯ್ಯಿರಿ.

ಚೀಟಿ ಓದಲಾರದ್ದು ಒಂದು ಕಷ್ಟವಾದರೆ, ನಮ್ಮ ಗಂಡಸರ ಸಂಕೋಚ ಇನ್ನೊಂದು. ಉಚ್ಚೆಯಲ್ಲಿ ಉರಿ ಎಂದರೆ “ಉಷ್ಣ ಆಗಿದೆ” ಎಂದು ಎಳನೀರೋ ಬಾರ್ಲಿ ನೀರೋ ಕುಡಿದು ಮುಗಿಸುತ್ತೇವೆ. ರಾತ್ರಿ ನಾಲ್ಕು ಬಾರಿ ಎದ್ದರೆ “ವಯಸ್ಸಾಯಿತಲ್ಲ” ಎನ್ನುತ್ತೇವೆ. ತೋಟದ ಕೆಲಸ ಮುಗಿಸಿ ಸೊಂಟ ನೋವೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತೇವೆ. ಅಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೇ ಪೆಟ್ಟು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟಾಸಿಯಂ ಹೆಚ್ಚು. ಕಿಡ್ನಿ ಸೋತವರಿಗೆ ಅದೇ ಅಪಾಯವಾಗಬಹುದು. ಹೆಂಡತಿ ಮಕ್ಕಳ ಮುಂದೆಯೂ ಹೇಳಲಾಗದ ಈ ನಾಚಿಕೆಯನ್ನು ನಾವು ಬಿಡಲೇಬೇಕು.

ಭಾಷೆಯ ಮಾತಿಗೆ ಬರೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸಲು 1969ರ ರಾಜ್ಯದ ಭಾಷಾ ಕಾನೂನು ಅವಕಾಶ ಕಲ್ಪಿಸಿತು. ಅರ್ಜಿಗೆ ಕನ್ನಡದಲ್ಲಿ ಉತ್ತರ ಬೇಕೆಂದು ಹೋರಾಡಿದ ನಾವು, ನಮ್ಮ ರಕ್ತದ ಚೀಟಿಗೆ ಕನ್ನಡದಲ್ಲಿ ವಿವರಣೆ ಬೇಕೆಂದು ಎಂದಾದರೂ ಕೇಳಿದೆವೇ? ನೆರೆಯ ಮಲಯಾಳಿಗೂ ಚೀಟಿ ಬರುವುದು ಇಂಗ್ಲಿಷಿನಲ್ಲೇ, ನಿಜ. ಆದರೆ ಅದನ್ನು ವಿವರಿಸುವ ಮಾತು ಅವನ ಭಾಷೆಯಲ್ಲಿರುತ್ತದೆ. ಸಿಬ್ಬಂದಿಯವರ ಮೇಲೆ ನಮಗೆ ದ್ವೇಷವಿಲ್ಲ, ಅವರು ತಮಗೆ ಬರುವ ಭಾಷೆಯಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಮಂಗಳೂರಿಗೆ ಹೋಗಿ ತೋರಿಸಬಹುದಲ್ಲ ಎನ್ನುವವರು 2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಲಿ. ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ಪಾಡು ಏನಾಯಿತೆಂದು ನಾವೆಲ್ಲ ಕಂಡಿದ್ದೇವೆ. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಬೇಕಾದವನಿಗೆ ಗಡಿ ಎಂಬುದು ನಕಾಶೆಯ ಗೆರೆ ಮಾತ್ರವಲ್ಲ.

ನಾವು ಕೇಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕನ್ನಡಿಗರಿರುವ ಪ್ರದೇಶದ ಸರ್ಕಾರಿ ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರಗಳಲ್ಲಿ ಚೀಟಿಯ ಜೊತೆಗೆ ಒಂದು ಪುಟದ ಕನ್ನಡ ವಿವರಣೆ ಕೊಡಲಿ. ಅಂಕಿ ಮಿತಿ ಮೀರಿದ್ದರೆ “ಬೇಗ ವೈದ್ಯರಿಗೆ ತೋರಿಸಿ” ಎಂಬ ಕನ್ನಡದ ಮೊಹರೊಂದನ್ನು ಒತ್ತಲಿ. ಖಾಸಗಿ ಲ್ಯಾಬಿನವರೂ ಇದನ್ನು ಮಾಡಬಹುದು. ಪಂಚಾಯತುಗಳು ಮುದ್ರಣದ ವೆಚ್ಚವನ್ನು ವಹಿಸಿಕೊಳ್ಳಲಿ.

ನಮ್ಮ ಪಾಲಿನ ಕೆಲಸವೂ ಇದೆ. ನಾವು ಅಧ್ಯಾಪಕರು ವರ್ಷ ವರ್ಷವೂ ಕರಿಹಲಗೆಯ ಮೇಲೆ ನೆಫ್ರಾನಿನ ಚಿತ್ರ ಬರೆಯುತ್ತೇವೆ, ಮಕ್ಕಳು ಅದನ್ನು ಅಂದವಾಗಿ ನಕಲು ಮಾಡಿ ಅಂಕ ಪಡೆಯುತ್ತಾರೆ. ಅದೇ ಪಾಠದ ಕೊನೆಯಲ್ಲಿ, ಹೆಸರಿಲ್ಲದ ಒಂದು ಪರೀಕ್ಷಾ ಚೀಟಿಯನ್ನು ಓದಲು ಕಲಿಸಿದರೆ ಹೇಗೆ? ಈ ವರ್ಷ ನಮ್ಮ ತರಗತಿಯಲ್ಲಿ ಅದನ್ನು ಆರಂಭಿಸಿದ್ದೇವೆ. ಉಳಿದ ಶಾಲೆಗಳ ಬಂಧುಗಳೂ ಮನಸ್ಸು ಮಾಡಲಿ. ಇಂದು ರಾತ್ರಿ ಪ್ರತಿಯೊಂದು ಮನೆಯಲ್ಲಿಯೂ ರೇಶನ್ ಕಾರ್ಡಿನ ನಡುವೆ, ಪೆಟ್ಟಿಗೆಯ ತಳದಲ್ಲಿ, ಅಂಗಿಯ ಕಿಸೆಯಲ್ಲಿ ಹಿರಿಯರ ಚೀಟಿಯೇನಾದರೂ ಇದೆಯೇ ಎಂದು ಒಮ್ಮೆ ಹುಡುಕಿ ನೋಡಿ ಎಂಬುದೇ ಓದುಗರಲ್ಲಿ ನಮ್ಮ ವಿನಂತಿ.