ಮರಿ ಬಿಟ್ಟರೆ ಮೀನು ಉಳಿಯುವುದೇ?



ನದಿಗೆ ಮೀನಿನ ಮರಿ ಬಿಡುವ ಸಮಾರಂಭದ ಚಿತ್ರ ಪತ್ರಿಕೆಯಲ್ಲಿ ಬಂದಾಗಲೆಲ್ಲ, ನದಿಯೊಂದು ಸಮೃದ್ಧವಾಯಿತೆಂದು ನಾವು ಸಮಾಧಾನಪಡುತ್ತೇವೆ. ಆ ಸಮಾಧಾನ ಹುಸಿ ಎಂಬುದೇ ನನ್ನ ವಾದ. ಅದಕ್ಕೆ ಸಾಕ್ಷಿ ನಮ್ಮ ಕಾವೇರಿ.

ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಮಹಶೀರ್ ಮೀನೊಂದುಂಟು. ಅದರ ಬೆನ್ನು ಡುಬ್ಬ, ರೆಕ್ಕೆಗಳು ಕಿತ್ತಳೆ ಬಣ್ಣದವು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಈ ಸೀಮೆಯ ಹೊಳೆಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು.

ಮಹಶೀರ್ ಕ್ಷೀಣಿಸುತ್ತಿದೆಯೆಂದು ಕಳವಳಗೊಂಡವರು ಮಹಾರಾಷ್ಟ್ರದ ಲೋನಾವಳದ ಕೇಂದ್ರದಲ್ಲಿ ನೀಲಿ ರೆಕ್ಕೆಯ ಮಹಶೀರನ್ನು ಕೃತಕವಾಗಿ ಬೆಳೆಸಿದರು. ಅದರ ಮರಿಗಳನ್ನು ಕಾವೇರಿಗೂ ತಂದು ಬಿಡಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಅದು 1839ರಲ್ಲಿ ಸೈಕ್ಸ್ ಎಂಬವರು ಪುಣೆ ಸೀಮೆಯ ಹೊಳೆಯಿಂದ ವರ್ಣಿಸಿದ ಬೇರೆ ಜಾತಿ!

ಫಲವೇನಾಯಿತು? 1998ರಿಂದ 2012ರವರೆಗೆ ಗಾಲಿಬೋರೆಯಲ್ಲಿ ಗಾಳಗಾರರು ಹಿಡಿದು ಮರಳಿ ನೀರಿಗೆ ಬಿಟ್ಟ 6,161 ಮಹಶೀರುಗಳ ದಾಖಲೆಯನ್ನು ಸಂಶೋಧಕರು ಪರಿಶೀಲಿಸಿದರು. ಒಟ್ಟು ಸಂಖ್ಯೆ ಏರುತ್ತಿತ್ತು. ಡುಬ್ಬದ ಮೀನು ಮಾತ್ರ ಕಾಣೆಯಾಗುತ್ತಿತ್ತು. ಗೈರುಹಾಜರಾದ ವಿದ್ಯಾರ್ಥಿಯ ಹೆಸರು ಕೂಗಿದಾಗ ಪರವೂರ ಹುಡುಗನೊಬ್ಬ 'ಹಾಜರ್' ಎಂದರೆ, ಹಾಜರಿ ಪುಸ್ತಕ ಭರ್ತಿಯಾದೀತು. ನಮ್ಮ ಹುಡುಗನೆಲ್ಲಿ ಎಂದು ಯಾರೂ ಹುಡುಕುವುದಿಲ್ಲ. ಸಂಖ್ಯೆಯನ್ನಷ್ಟೇ ನೋಡುವ ಸಂರಕ್ಷಣೆಯೂ ಹೀಗೆಯೇ.

2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮೀನೊಂದಕ್ಕೆ 'ಟಾರ್ ರೆಮಾದೇವಿ' ಎಂದು ಹೆಸರಾಯಿತು. ನಮ್ಮ ಡುಬ್ಬದ ಮೀನೂ ಅದೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ನಾಮಕರಣವೂ ಅಪಾಯದ ಗಂಟೆಯೂ ಒಟ್ಟಿಗೇ ಆದಂತಾಯಿತು!

"ಮೀನು ಮೀನೇ ಅಲ್ಲವೇ, ರೆಕ್ಕೆಯ ಬಣ್ಣದಿಂದೇನು?" ಎನ್ನುವವರಿದ್ದಾರೆ. ಆ ಪ್ರವಾಹ, ಆ ಬಂಡೆ, ಆ ಮಡುಗಳಿಗೆ ಯುಗಯುಗಾಂತರಗಳಿಂದ ಹೊಂದಿಕೊಂಡು ಬಂದ ಜೀವವನ್ನು ತೊಟ್ಟಿಯಲ್ಲಿ ತಯಾರಿಸಲಾಗದು ಎಂಬುದೇ ಅವರಿಗೆ ನನ್ನ ಉತ್ತರ. "ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆಗಳೂ ಕಾರಣವಲ್ಲವೇ?" ಎಂದು ಕೇಳುವವರೂ ಇದ್ದಾರೆ. ನಿಜ. ಮರಿ ಬಿಡುವ ಸಂಭ್ರಮವು ಅವೆಲ್ಲವನ್ನೂ ಮರೆಸುವ ಪರದೆಯಾಗಿದೆ ಎಂಬುದೇ ನನ್ನ ದೂರು.

2012ರಲ್ಲಿ ಅಭಯಾರಣ್ಯದೊಳಗಿನ ಗಾಳದ ಶಿಬಿರಗಳು ನಿಂತುಹೋದವು. ಬೇಟೆಗೆ ತಡೆಯೊಡ್ಡಿದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಆ ದಾಖಲೆಯ ಜಾಗದಲ್ಲಿ ಸರ್ಕಾರವೇ ಪ್ರತಿವರ್ಷ ಜಾತಿವಾರು ಎಣಿಕೆ ನಡೆಸಬೇಕು. ಪರನದಿಯ ಮರಿಗಳನ್ನು ತಂದು ಬಿಡುವುದು ನಿಲ್ಲಬೇಕು. ಸಾಕಲೇಬೇಕೆಂದಾದರೆ ತಾಯಿತಂದೆ ಇದೇ ನದಿಯ ಡುಬ್ಬದ ಮೀನಾಗಿರಲಿ. ಸಿಡಿಮದ್ದು ಹಾಕುವವನಿಗೆ ಶಿಕ್ಷೆಯಾಗಲಿ. ಬೇಸಿಗೆಯಲ್ಲಿ ಮಡುಗಳಿಗೆ ನೀರಿರಲಿ.

ರಾಮನಾಥಪುರದ ಕಾವೇರಿಯ ಮೆಟ್ಟಿಲುಗಳ ಬಳಿ ಮೀನುಗಳು ನಿರ್ಭಯವಾಗಿ ತಿರುಗುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅವನ್ನು ಕಾಯುತ್ತಿರುವುದು ಮೀನು ಹಿಡಿಯಬಾರದೆಂಬ ಜನರ ನೇಮ. ಆ ನೇಮಕ್ಕೆ ಶಾಸ್ತ್ರಜ್ಞಾನವನ್ನೂ ಸೇರಿಸಿಕೊಂಡರೆ ಡುಬ್ಬದ ಮೀನಿಗೆ ಇನ್ನೂ ಕಾಲವಿದೆ.